ನೆಲ ಹೋದ ಓಮ್ನಿ

ಸಿದ್ದಲಿಂಗಮ್ಮ ಮದನ್‌ನ ಹಲ್ಲು ಉದುರಿಸಿದ್ದು ಬೆಳಿಗ್ಗೆ ಶಿಫ್ಟಿಗೆ ಹೋಗುವ ಹೊತ್ತಿನಲ್ಲಿ, ನಂಜನಗೂಡು ಬಸ್ ಸ್ಟ್ಯಾಂಡಿನ ಹತ್ತಿರ, ಊರಿನವರೆಲ್ಲ ನೋಡುತ್ತಿರುವಾಗ. ಅವನು ತನ್ನ ಟೆಂಪೋವನ್ನು ಅವಳ ಓಮ್ನಿಗೆ ಅಡ್ಡ ನಿಲ್ಲಿಸಿದ. ಕಿಟಕಿಯೊಳಗೆ ಕೈ ಹಾಕಿ ಕೀ ಕಿತ್ತುಕೊಂಡ. "ಗಂಡ ಬುಟ್ಟೋದವಳಿಗೆ ಗಾಡಿ ಬೇರೆ ಕೇಡು" ಎಂದ. ಅವಳು ಸೀಟಿನ ಪಕ್ಕದಲ್ಲಿದ್ದ ಜಾಕಿನ ರಾಡನ್ನು ಸೆರಗಿನಲ್ಲಿ ಮುಚ್ಚಿಕೊಂಡು ಇಳಿದಳು. ಹಿಂದೆ ಒತ್ತಿಕೊಂಡು ಕೂತಿದ್ದ ನಮಗೆ ಆಮೇಲಿನದು ಸರಿಯಾಗಿ ಕಾಣಲಿಲ್ಲ, ಸದ್ದು ಮಾತ್ರ ಕೇಳಿಸಿತು. ತಲೆ ಎತ್ತಿ ನೋಡುವಷ್ಟರಲ್ಲಿ ಮದನ್ ಬಾಯಿ ಹಿಡಿದುಕೊಂಡು ರಸ್ತೆಯಲ್ಲೇ ಕುಕ್ಕರಿಸಿದ್ದ, ಬೆರಳ ಸಂದಿಯಿಂದ ರಕ್ತ ಸುರಿಯುತ್ತಿತ್ತು. ಅವಳು ಕೀ ಹಿಡಿದುಕೊಂಡು ವಾಪಸು ಬಂದು ಗಾಡಿ ಸ್ಟಾರ್ಟ್ ಮಾಡಿ, "ಲೇಟಾಯ್ತೇನ್ರವ್ವಾ?" ಎಂದು ನಮ್ಮನ್ನು ಕೇಳಿದಳು. ಲೇಟಾಗಿರಲಿಲ್ಲ.

ನಾನು ಆಶಾರಾಣಿ. ತಗಡೂರಿನವಳು. ನಂಜನಗೂಡಿನ ಆಚೆಗಿರುವ ಒಂದು ಗಾರ್ಮೆಂಟ್ಸ್‌ನಲ್ಲಿ ಅಂಗಿಗೆ ಕಾಲರ್ ಕೂರಿಸುತ್ತೇನೆ. ನಮ್ಮೂರಿನಿಂದ ಆ ಫ್ಯಾಕ್ಟರಿಗೆ ಹೋಗುವ ಹೆಂಗಸರನ್ನೆಲ್ಲ ಸಿದ್ದಕ್ಕ ತನ್ನ ಓಮ್ನಿಯಲ್ಲಿ ತುಂಬಿಕೊಂಡು ಹೋಗಿ, ಸಂಜೆ ತುಂಬಿಕೊಂಡು ಬರುತ್ತಿದ್ದಳು. ತುಂಬಿಕೊಂಡು ಎಂದರೆ ನಿಜವಾಗಿಯೂ ತುಂಬಿಕೊಂಡೇ. ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು, ಇನ್ನೊಬ್ಬರ ತೊಡೆಯ ಮೇಲೆ ಬುತ್ತಿ ಚೀಲ.

ಮದನ್‌ನ ಹೊಟ್ಟೆಯುರಿಯಲ್ಲಿ ನ್ಯಾಯವೇ ಇರಲಿಲ್ಲ ಎಂದು ನಾನು ಹೇಳುವುದಿಲ್ಲ. ಅವನದು ಹಳದಿ ಬೋರ್ಡಿನ ಟೆಂಪೋ, ಪರ್ಮಿಟ್ಟು ಟ್ಯಾಕ್ಸು ಎಲ್ಲ ಕಟ್ಟಿ ಓಡಿಸುತ್ತಿದ್ದ. ಸಿದ್ದಕ್ಕನದು ಬಿಳಿ ಬೋರ್ಡು. ಯಾರಾದರೂ ತಡೆದರೆ ನಾವೆಲ್ಲ ಒಂದೇ ಮನೆಯವರು, ಮದುವೆಗೆ ಹೋಗುತ್ತಿದ್ದೇವೆ ಎಂದು ಹೇಳಬೇಕಾಗಿತ್ತು. ದಿನಾ ಬೆಳಿಗ್ಗೆ ಮದುವೆ. ಆದರೆ ಮದನ್ ಬ್ರೇಕ್ ಒತ್ತುವ ನೆಪದಲ್ಲಿ ಮುಂದೆ ಕೂತ ಹುಡುಗಿಯರ ಮೇಲೆ ಬೀಳುತ್ತಿದ್ದ, ಕನ್ನಡಿ ತಿರುಗಿಸಿಟ್ಟುಕೊಂಡು ಹಿಂದೆ ಕೂತವರನ್ನು ನೋಡುತ್ತಿದ್ದ. ಓಮ್ನಿಯಲ್ಲಿ ಸೊಂಟ ನೋಯುತ್ತಿತ್ತು, ಅಷ್ಟೇ. ಅದಕ್ಕೇ ಅವನ ಹಲ್ಲು ಬಿದ್ದಾಗ ನಾನಂತೂ ಖುಷಿಪಟ್ಟೆ.

ಈಗ ಸಿದ್ದಕ್ಕನ ಗಂಡನ ವಿಷಯ. ನಂಜುಂಡಸ್ವಾಮಿ ಎಂದು ಹೆಸರು. ಆ ಓಮ್ನಿ ಮೊದಲು ಅವನದೇ, ಬಾಡಿಗೆಗೆ ಓಡಿಸುತ್ತಿದ್ದ. ಹೊರಗೆ ಬಹಳ ಒಳ್ಳೆಯವನು. ಸತ್ತವರ ಮನೆಗೆ ಮೊದಲು ಹೋಗುವವನು, ಬಸುರಿ ಹೆಂಗಸರನ್ನು ಆಸ್ಪತ್ರೆಗೆ ಬಿಟ್ಟುಬರುವವನು. ಮನೆಯೊಳಕ್ಕೆ ಬಂದರೆ ಕೈ ಸುಮ್ಮನಿರುತ್ತಿರಲಿಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಏಟು, ಕಡಿಮೆಯಾದರೆ ಏಟು, ಮಕ್ಕಳಾಗಲಿಲ್ಲ ಎಂದು ನೆನಪಾದಾಗ ಬೆಲ್ಟು. ಬೀದಿಯ ನಮಗೆಲ್ಲ ಕೇಳಿಸುತ್ತಿತ್ತು. ಕೇಳಿಸಿದಾಗ ಟೀವಿ ಜೋರು ಮಾಡುವುದು ನಮ್ಮ ಬೀದಿಯ ಪದ್ಧತಿ.

ಅವಳಿಗೂ ಅವನಿಗೂ ನಡುವೆ ನಿಲ್ಲುತ್ತಿದ್ದವಳು ಒಬ್ಬಳೇ, ಅವನ ತಾಯಿ ದೇವೀರಮ್ಮ. ಹೆತ್ತ ಮಗನ ಕಡೆ ವಾಲದ ಅತ್ತೆಯನ್ನು ನಾನು ನನ್ನ ಜನ್ಮದಲ್ಲಿ ನೋಡಿದ್ದು ಅದೊಂದೇ. ಬೆಲ್ಟು ಬೀಸಿದರೆ ಮುದುಕಿ ಬಂದು ಸೊಸೆಯನ್ನು ತಬ್ಬಿಕೊಂಡು ತನ್ನ ಬೆನ್ನು ಕೊಡುತ್ತಿದ್ದಳು. ಕೊನೆಗೊಂದು ದಿನ ಮಟಮಟ ಮಧ್ಯಾಹ್ನ, ಮನೆಯ ಮುಂದೆ ನಿಲ್ಲಿಸಿದ್ದ ಓಮ್ನಿಯ ಪಕ್ಕದ ಬಾಗಿಲಿನ ಚೌಕಟ್ಟಿಗೆ ಸಿದ್ದಕ್ಕನ ಕೈಯನ್ನು ಒತ್ತಿ ಹಿಡಿದು ಅವನು ಬಾಗಿಲನ್ನು ಎಳೆದ. ಓಮ್ನಿಯ ಬಾಗಿಲು ಗೊತ್ತಲ್ಲ, ಜಾರಿಕೊಂಡು ಬಂದು ಕೂರುವಂಥದ್ದು. ದೇವೀರಮ್ಮ ಓಡಿ ಬಂದು ಸೊಸೆಯ ಕೈ ಕಿತ್ತು ತನ್ನ ತೋಳು ಕೊಟ್ಟಳು. ಮೂಳೆ ಮುರಿದದ್ದು ಆಚೆ ಬೀದಿಗೂ ಕೇಳಿಸಿತು ಎನ್ನುತ್ತಾರೆ. ನನಗೆ ಕೇಳಿಸಿದ್ದು ಮುದುಕಿಯ ಬೈಗುಳ. ಆ ತೋಳು ಸೊಟ್ಟಗೇ ಕೂಡಿಕೊಂಡಿತು.

ಮುರಿದ ತೋಳಿಗೆ ಪಟ್ಟಿ ಕಟ್ಟಿಸಿಕೊಂಡು ಬಂದವಳೇ ಮುದುಕಿ ಬೀದಿಯ ಯಜಮಾನರಾದ ರಾಚಯ್ಯನವರ ಮನೆಗೆ ಹೋಗಿ, ಮಗನ ಮೇಲೆ ತಾನೇ ನ್ಯಾಯ ಹಾಕಿದಳು. ಯಜಮಾನರೆಲ್ಲ ಮಾರಿಗುಡಿಯ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿಕೊಂಡು ತೀರ್ಮಾನ ಹೇಳಿದರು: ಗಾಡಿ ಇಲ್ಲೇ ಇರಲಿ, ಸಿದ್ದಲಿಂಗಮ್ಮ ಅದನ್ನು ಓಡಿಸಿ ಮನೆ ನಡೆಸುವವರೆಗೆ ನಂಜುಂಡಸ್ವಾಮಿ ಊರಿಗೆ ಕಾಲಿಡಕೂಡದು. ಗಾಡಿ ನಿಂತಿತೋ, ಮನೆಗೆ ಗಂಡು ದಿಕ್ಕು ಬೇಕು, ಅವನನ್ನೇ ಕರೆಸುವುದು. ಅವಳಿಗೆ ಆಗ ಸೈಕಲ್ಲು ತುಳಿಯಲೂ ಬರುತ್ತಿರಲಿಲ್ಲ. ಒಂದು ವಾರದ ಮಾತು ಎಂದುಕೊಂಡೇ ಅವರು ಆ ತೀರ್ಮಾನ ಕೊಟ್ಟಿದ್ದು. ನೆನೆಸಿಕೊಂಡರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಹೆಂಗಸಿನ ಬೆನ್ನ ಚರ್ಮವನ್ನು ಕಾರಿನ ಚಕ್ರಕ್ಕೆ ಕಟ್ಟಿ ಎದ್ದು ಹೋದರು.

ನಂಜುಂಡಸ್ವಾಮಿ ಮುಡುಕುತೊರೆ ಕಡೆ ಹೋಗಿ ಯಾರದೋ ಗದ್ದೆ ನೋಡಿಕೊಂಡು, ಟ್ರಾಕ್ಟರ್ ಓಡಿಸಿಕೊಂಡು ಅಲ್ಲೇ ಉಳಿದ. ಸಿದ್ದಕ್ಕ ಒಣಗಿದ ಕೆರೆಯ ಅಂಗಳದಲ್ಲಿ ಗಾಡಿ ಕಲಿತಳು. ಎರಡು ಬೇಲಿ ಮುರಿದಳು, ಒಂದು ಕುರಿ ಸಾಯಿಸಿದಳು. ಪಕ್ಕದಲ್ಲಿ ದೇವೀರಮ್ಮ ಸೊಟ್ಟ ತೋಳಿನಿಂದ ಡ್ಯಾಶ್‌ಬೋರ್ಡು ಹಿಡಿದುಕೊಂಡು, "ಇನ್ನೊಸಿ ಒತ್ತವ್ವ, ಇನ್ನೊಸಿ ಒತ್ತು" ಎಂದು ಹುರಿದುಂಬಿಸುತ್ತಿದ್ದಳು. ಗೇರು ಯಾವುದು ಬ್ರೇಕು ಯಾವುದು ಅವಳಿಗೂ ಗೊತ್ತಿರಲಿಲ್ಲ.

ಗಾಡಿ ನಿಲ್ಲಲಿಲ್ಲ. ವರ್ಷಗಟ್ಟಲೆ ಓಡಿತು. ಸಿದ್ದಕ್ಕನ ಮೈಯಲ್ಲಿ ಮಾಂಸ ಬಂತು, ಗಂಟಲಲ್ಲಿ ದನಿ ಬಂತು, ಕೈಯಲ್ಲಿ ಆ ಜಾಕಿನ ರಾಡು ಬಂತು. ಕೆಲವು ಸಲ ರಾಡು ಬಾಯಿಗಿಂತ ಮುಂಚೆ ಬರುತ್ತಿತ್ತು. ಮದನ್‌ನ ಹಲ್ಲು ಒಂದು. ಪೆಟ್ರೋಲು ಕಡಿಮೆ ಹಾಕಿದ ಎಂದು ಒಬ್ಬನ ಮೊಣಕಾಲು ಒಂದು. ನಾವು ನಗುತ್ತಿದ್ದೆವು. ಏಟು ತಿಂದವಳು ಏಟು ಕೊಡುವುದನ್ನು ನೋಡುವುದರಲ್ಲಿ ಒಂದು ಸುಖವಿದೆ, ಅದನ್ನು ಮುಚ್ಚಿಡುವುದೇಕೆ.

ದೇವೀರಮ್ಮ ಮಾತ್ರ ನಗುತ್ತಿರಲಿಲ್ಲ. ಅವಳಿಗೆ ದೃಷ್ಟಿಯ ಭಯ. ಒಬ್ಬಳು ಹೆಂಗಸು ಗಾಡಿ ಓಡಿಸಿದರೆ ಎಷ್ಟು ಕಣ್ಣು ಬೀಳಬೇಡ? ಪ್ರತಿ ಅಮಾವಾಸ್ಯೆ ಓಮ್ನಿಗೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟುವಳು, ಕಲ್ಲುಪ್ಪನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಗಾಡಿಗೆ ನಿವಾಳಿಸಿ ಒಳಗಿಡುವಳು. ಗಾಡಿಗೆ ತಗಲುವ ಕಣ್ಣೆಲ್ಲ ಆ ಉಪ್ಪಿಗೆ ತಗಲುತ್ತದೆ ಎಂದು ಅವಳ ನಂಬಿಕೆ.

ಮೊನ್ನೆ ಮುಂಗಾರು ಶುರುವಾದ ಮೇಲೆ ಒಂದು ಬೆಳಿಗ್ಗೆ ನಾನು ಎಂದಿನಂತೆ ನಡುಸೀಟಿನಲ್ಲಿ ಕೂತಿದ್ದೆ. ನಂಜನಗೂಡು ಇನ್ನೂ ದೂರವಿತ್ತು. ರಸ್ತೆಯ ಹಳ್ಳಕ್ಕೆ ಗಾಡಿ ಇಳಿದು ಎದ್ದಾಗ ನನ್ನ ಬಲಗಾಲು ನೆಲದೊಳಕ್ಕೆ ಹೋಯಿತು. ಗಾಡಿಯ ನೆಲವೇ ಬಿರಿದು ಕಾಲು ಕೆಳಗೆ ಇಳಿದು ಓಡುವ ರಸ್ತೆಗೆ ತಗಲಿತು. ಚಪ್ಪಲಿ ಹೋಯಿತು, ಆಮೇಲೆ ಹಿಮ್ಮಡಿಯ ಚರ್ಮ ಹೋಯಿತು. ನಾನು ಕಿರುಚಿದ್ದಕ್ಕೆ ಎಲ್ಲರೂ ಕಿರುಚಿದರು. ಸಿದ್ದಕ್ಕ ಗಾಡಿ ನಿಲ್ಲಿಸಿ ಬಂದು ನೋಡಿದಳು. ತಗಡು ಹಪ್ಪಳದಂತೆ ಪುಡಿಯಾಗುತ್ತಿತ್ತು, ತೂತಿನ ಅಂಚಿಗೆ ನನ್ನ ರಕ್ತ ಹತ್ತಿತ್ತು.

"ಇದು ತಾನಾಗೇ ಆದದ್ದಲ್ಲ ಕಣಮ್ಮಿ" ಎಂದಳು. "ಯಾವನೋ ಏನೋ ಉಯ್ದವ್ನೆ."

ಯಾವನೋ ಎಂದರೆ ಯಾರು ಎಂದು ನಾವು ಯಾರೂ ಕೇಳಲಿಲ್ಲ. ಬಾತ್‌ರೂಮು ತೊಳೆಯುವ ಆಸಿಡ್ಡು ಯಾವ ಅಂಗಡಿಯಲ್ಲೂ ಸಿಗುತ್ತದೆ. ಮದನ್‌ಗೆ ಹಲ್ಲಿನ ಸಿಟ್ಟಿತ್ತು. ನನ್ನ ಕಾಲಿಗೆ ತನ್ನ ಸೆರಗನ್ನೇ ಹರಿದು ಕಟ್ಟಿ, ತೂತಿನ ಮೇಲೆ ಒಂದು ಹಲಗೆ ಹಾಕಿ ಅವಳು ಗಾಡಿ ಓಡಿಸಿಕೊಂಡು ಸೀದಾ ಬಸ್ ಸ್ಟ್ಯಾಂಡಿಗೆ ಹೋದಳು. ಮದನ್ ತನ್ನ ಟೆಂಪೋದ ತೆರೆದ ಬಾಗಿಲ ಚೌಕಟ್ಟಿಗೆ ಕೈ ಇಟ್ಟುಕೊಂಡು ಟೀ ಕುಡಿಯುತ್ತಿದ್ದ. ಅವಳು ಹಿಂದಿನಿಂದ ಹೋಗಿ ಆ ಬಾಗಿಲನ್ನು ಕಾಲಿನಿಂದ ಒದ್ದಳು. ಅವನ ನಾಲ್ಕು ಬೆರಳು ಒಳಗಿದ್ದವು. ಅವನು ಕೂಗಿದ ಮೇಲೂ ಅವಳು ಬಾಗಿಲಿಗೆ ಒರಗಿಯೇ ನಿಂತಿದ್ದಳು. ಜನ ಬಂದು ಎಳೆಯುವವರೆಗೂ ಅಲ್ಲಾಡಲಿಲ್ಲ. ಎಳೆದವರಲ್ಲಿ ಇಬ್ಬರಿಗೆ ರಾಡಿನ ಏಟು ಬಿತ್ತು.

ಈ ಸಲ ನನಗೆ ಖುಷಿಯಾಗಲಿಲ್ಲ. ಆ ಒದೆತ ಎಲ್ಲಿಂದ ಬಂತೆಂದು ನಮ್ಮ ಬೀದಿಯವರಿಗೆಲ್ಲ ಗೊತ್ತಿತ್ತು.

ಅದೇ ದಿನ ಮಧ್ಯಾಹ್ನ ಮದನ್‌ನ ಕಡೆಯವರು ಬಂದು ಫ್ಯಾಕ್ಟರಿಯ ಗೇಟಿನ ಮುಂದೆ ನಿಂತಿದ್ದ ಓಮ್ನಿಯ ಗಾಜುಗಳನ್ನೆಲ್ಲ ಕಬ್ಬಿಣದ ಪೈಪಿನಿಂದ ಪುಡಿ ಮಾಡಿದರು. ಮುಂದಿನ ತಗಡು ಬಗ್ಗಿಸಿದರು. ಪೊಲೀಸರು ಎರಡೂ ಕಡೆಯವರನ್ನು ಕೂರಿಸಿ ಬೈದು, ರಾಜಿ ಮಾಡಿಸಿ ಕಳಿಸಿದರು. ಸಂಜೆಯ ಹೊತ್ತಿಗೆ ಸುದ್ದಿ ತಗಡೂರಿಗೆ ಮುಟ್ಟಿತ್ತು. ರಾಚಯ್ಯನವರು ಸಿದ್ದಕ್ಕನ ಮನೆ ಮುಂದೆ ಬಂದು ನಿಂತು, "ಗಾಡಿ ನಿಂತೋದಂಗೇ ಅಲ್ವವ್ವಾ. ನಂಜುಂಡಂಗೆ ಒಂದ್ ಮಾತು ಏಳ್ಬೇಕಾಯ್ತದೆ" ಎಂದರು. ಬೈಗುಳದ ಹಾಗಲ್ಲ, ಬಹಳ ಸಮಾಧಾನವಾಗಿ.

"ರಿಪೇರಿ ಮಾಡಿಸ್ತೀನಿ. ನಿಂತಿಲ್ಲ" ಎಂದಳು.

ನರಸೀಪುರದಲ್ಲಿ ಕಾಂತರಾಜು ಎಂಬವನ ಟಿಂಕರಿಂಗ್ ಶೆಡ್ಡು ಇದೆ. ಹೊಡೆಸಿಕೊಂಡು ಬಂದ ಗಾಡಿಗಳಿಗೆಲ್ಲ ಅವನೇ ಗತಿ. ಮಾರನೆಯ ಬೆಳಿಗ್ಗೆ ಗಾಜಿಲ್ಲದ ಓಮ್ನಿಯನ್ನು ಅವಳೇ ಓಡಿಸಿಕೊಂಡು ಹೋದಳು. ಮುಂದಿನ ಸೀಟಿನಲ್ಲಿ ದೇವೀರಮ್ಮ, ಬೇಡವೆಂದರೂ ಕೇಳದೆ ಹತ್ತಿದ್ದಳು. ಹಿಂದೆ ನಾನು, ಪಟ್ಟಿ ಕಟ್ಟಿದ ಕಾಲನ್ನು ಸೀಟಿನ ಮೇಲೆ ಚಾಚಿಕೊಂಡು. ಕಾಲಿನ ದೆಸೆಯಿಂದ ನನಗೆ ರಜೆ ಸಿಕ್ಕಿತ್ತು. ದಾರಿಯುದ್ದಕ್ಕೂ ಗಾಳಿ ಮುಖಕ್ಕೆ ರಾಚುತ್ತಿತ್ತು.

ಕಾಂತರಾಜು ಗಾಡಿಯನ್ನು ಒಂದು ಸುತ್ತು ಬಂದ. ಬೀಡಿ ಕಚ್ಚಿಕೊಂಡೇ ಸುತ್ತಿಗೆಯಿಂದ ಅಲ್ಲಿ ಇಲ್ಲಿ ಕುಟ್ಟಿದ. ಬಾಗಿಲ ಕೆಳಗೆ ಕುಟ್ಟಿದರೆ ಸುತ್ತಿಗೆ ಒಳಕ್ಕೇ ಹೋಯಿತು.

"ಅಕ್ಕ, ಇಂಜಿನ್ ಚೆನ್ನಾಗದೆ. ಬಾಡಿ ಸತ್ತೋಗದೆ. ಗಾಜು ಗೀಜು ಎಲ್ಲ ಬುಡಿ, ಈ ನೆಲ ಕುಯ್ದು ತಗಡು ಕೂರ್ಸೋದು ಅಂದ್ರೆ ಒಸಾ ಗಾಡಿ ಕಟ್ಟಿದಂಗೆ. ಸುಮ್ಕೆ ಗುಜರಿಗೆ ಆಕ್ಬುಡಿ."

"ಗುಜ್ರಿ ಮಾತು ಆಡ್ಬ್ಯಾಡ" ಎಂದಳು ಸಿದ್ದಕ್ಕ. "ಓಡ್ತದೋ ಇಲ್ವೋ, ಅದ ಏಳು."

"ಕೆಳಗಡೆ ಉದ್ದಕ್ಕೆ ಎರಡು ಕಬ್ಬಿಣದ ಕಟ್ಟು ಅವೆ, ಗಾಡಿ ಕೂತಿರೋದೇ ಅವುಗಳ ಮೇಲೆ. ಅವು ಗಟ್ಟಿ ಇದ್ರೆ ಉಂಟು, ಇಲ್ದಿದ್ರೆ ಇಲ್ಲ. ಮೇಲಿಂದೆಲ್ಲ ಬಿಚ್ಚಿ ನೋಡ್ಬೇಕು."

ಅವನು ನಡುಸೀಟು ಬಿಚ್ಚಿದ, ಹಿಂದಿನ ಸೀಟು ಬಿಚ್ಚಿದ. ಅಂಚಿನಿಂದ ರಬ್ಬರಿನ ಮ್ಯಾಟನ್ನು ಕಿತ್ತು ಸುರುಳಿ ಸುತ್ತುತ್ತಾ ಬಂದ. ಮ್ಯಾಟಿನ ಅಡಿಯಲ್ಲಿ, ಸೀಟಿನ ಮೂಲೆಗಳಲ್ಲಿ, ಬಾಗಿಲಿನ ಹಳಿಯ ಪಕ್ಕದಲ್ಲಿ ಗಂಟುಗಳು. ಬಟ್ಟೆಯ ಕೆಂಪು ಬಣ್ಣವೆಲ್ಲ ಹೋಗಿ ಕಪ್ಪಾಗಿದ್ದ, ಒದ್ದೆಯಾದ ಸಣ್ಣ ಸಣ್ಣ ಗಂಟುಗಳು. ಒಂದನ್ನು ಎತ್ತಿದರೆ ತಗಡೂ ಅದರ ಜೊತೆಗೇ ಎದ್ದುಬಂತು. ಕಾಂತರಾಜು ಒಂದನ್ನು ಹಿಂಡಿ, ನಾಲಗೆಗೆ ತಾಗಿಸಿ ಉಗುಳಿದ.

"ಉಪ್ಪು" ಎಂದ. "ಇಷ್ಟು ವರ್ಸ ನೀರು ಕುಡ್ಕಂಡು ಕೂತದೆ. ಕಬ್ಬಿಣನ ಇದೇ ತಿಂದದೆ, ಇನ್ಯಾವ್ದೂ ಅಲ್ಲ."

ಸಿದ್ದಕ್ಕ ಅತ್ತೆಯ ಕಡೆ ತಿರುಗಿದಳು. ಮುದುಕಿಗೆ ಏನಾಗಿದೆಯೆಂದು ಇನ್ನೂ ಅರ್ಥವಾಗಿರಲಿಲ್ಲ. ಗಂಟುಗಳನ್ನು ಮುಟ್ಟಬೇಡ ಎಂದು ಕಾಂತರಾಜುವಿನ ಕೈ ಹಿಡಿಯಲು ಹೋಗುತ್ತಿದ್ದಳು.

"ಅಳೇ ಗಂಟುಗಳ್ನ ಎಸೀಲಿಲ್ವಾ ನೀನು?" ಎಂದಳು ಸಿದ್ದಕ್ಕ.

"ಎಲ್ ಎಸೀಲವ್ವ? ದೃಷ್ಟಿ ತಕ್ಕಂಡಿರೋ ಉಪ್ಪು. ಬೀದೀಲಿ ಆಕುದ್ರೆ ತುಳಿದೋರ್ಗೆ ತಗಲ್ತದೆ. ಒಳೆ ನೀರಿಗೆ ಬುಡವಾ ಅಂದ್ರೆ ಒಳೆ ಎಲ್ಲದೆ ನಮ್ಮೂರಲ್ಲಿ? ಯಾರ್ಗೂ ಬ್ಯಾಡ ಅಂತ ಅಳೇದ ಒಳ್ಗೇ ತಳ್ಳಿ ಒಸ್ದು ಮಡಗ್ದೆ."

ಅಮಾವಾಸ್ಯೆಗೊಂದು ಗಂಟು. ದಾರಿಹೋಕರ ಕಾಲಿಗೆ ತಗಲದಿರಲಿ ಎಂದು ಒಂದನ್ನೂ ಹೊರಗೆಸೆಯದೆ ಅಲ್ಲೇ ಸೇರಿಸಿಟ್ಟಿದ್ದಳು. ಸೊಸೆಯ ಬದುಕು ನಿಂತದ್ದೇ ಆ ತಗಡಿನ ಮೇಲೆ, ಅದನ್ನು ಕಾಯಲು ಹೋಗಿ ಕೈಯಾರೆ ತಿನ್ನಿಸಿದ್ದಳು. ಇದು ನನಗೆ ಈಗ ಹೊಳೆಯುವ ಮಾತು. ಅಲ್ಲಿ ಯೋಚಿಸುವಷ್ಟು ಪುರಸೊತ್ತೇ ಇರಲಿಲ್ಲ. ಸಿದ್ದಕ್ಕ ಹೊಡೆದಳು.

ಅಂಗೈಯಲ್ಲೇ ಹೊಡೆದಳು, ರಾಡು ಗಾಡಿಯಲ್ಲಿತ್ತು. ಆದರೆ ಸ್ಟೇರಿಂಗು ತಿರುಗಿಸಿ ತಿರುಗಿಸಿ ಬಲಿತ ಕೈ ಅದು. ಮುದುಕಿ ಅಷ್ಟು ದೂರ ಹೋಗಿ ಬಿಚ್ಚಿಟ್ಟಿದ್ದ ಯಾವುದೋ ಕಾರಿನ ಬಾಗಿಲ ಮೇಲೆ ಬಿದ್ದಳು. ಬಾಗಿಲಿನ ಅಂಚು ಎಡಗೆನ್ನೆಯನ್ನು ಸೀಳಿತು. ಸಿದ್ದಕ್ಕ ಅಲ್ಲಿಗೂ ಹೋಗಿ ಸೀರೆಯ ಭುಜ ಹಿಡಿದೆತ್ತಿ, "ಅವನ್ನ ಕರ್ಸಾಕೆ ಮಾಡ್ದೆ ಅಲ್ವಾ, ನಿನ್ ಮಗನ್ನ ಕರ್ಸಾಕೆ ಮಾಡ್ದೆ" ಎಂದು ಇನ್ನೊಂದು ಹೊಡೆದಳು. ನಾನು ಕುಂಟಿಕೊಂಡು ಹೋಗಿ ಸೊಂಟ ಹಿಡಿದುಕೊಂಡೆ. ಕಾಂತರಾಜು ಕೈ ಹಿಡಿದ. ಅವಳ ಬಾಯಿಂದ ಬರುತ್ತಿದ್ದ ಬೈಗುಳ ನಂಜುಂಡಸ್ವಾಮಿಯ ಬೈಗುಳ. ಗೋಡೆಯಾಚೆಯಿಂದ ವರ್ಷಗಟ್ಟಲೆ ಕೇಳಿದವಳು ನಾನು, ಒಂದೊಂದು ಶಬ್ದವೂ ಅವನದೇ.

ದೇವೀರಮ್ಮ ಎದ್ದು ಕೂತಳು. ಸೆರಗನ್ನು ಕೆನ್ನೆಗೆ ಒತ್ತಿಕೊಂಡಳು. ಅಳಲಿಲ್ಲ.

"ನನ್ ಮಗ ಬರೋದು ಬ್ಯಾಡ ಬುಡವ್ವ" ಎಂದಳು. "ಅವನ ಕೆಲ್ಸಕ್ಕೆ ನೀನಿದ್ದೀಯಲ್ಲ."

ಸಿದ್ದಕ್ಕ ಗಾಡಿಯ ಕಡೆ ತಿರುಗಿದಳು. ಕಾಂತರಾಜುವಿನ ಕೈಯಿಂದ ಸುತ್ತಿಗೆ ಕಿತ್ತುಕೊಂಡು, ಅಂಗಾತ ಮಲಗಿ ಗಾಡಿಯ ಅಡಿಗೆ ನುಗ್ಗಿದಳು. ಅವನು ಹೇಳಿದ್ದ ಉದ್ದನೆಯ ಕಟ್ಟುಗಳನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಹೊಡೆಯುತ್ತಾ ಬಂದಳು. ಪರೀಕ್ಷೆಗೆ ಅಷ್ಟು ಬಲ ಬೇಕಾಗಿರಲಿಲ್ಲ. ತುಕ್ಕಿನ ಪುಡಿ ಅವಳ ಕಣ್ಣಿಗೆ ಬಾಯಿಗೆ ಬೀಳುತ್ತಿತ್ತು, ಅವಳು ನಿಲ್ಲಿಸಲಿಲ್ಲ. ಕಬ್ಬಿಣ ಗಟ್ಟಿ ಸದ್ದು ಕೊಡುತ್ತಿತ್ತು. ಒಂದೇ ಒಂದು ಕಡೆ ಟೊಳ್ಳು ಸದ್ದು ಬಂತು.

"ಗಟ್ಟಿ ಅದೆ" ಎಂದಳು ಅಡಿಯಿಂದಲೇ. "ಕುಯ್ದು ಕೂರ್ಸು. ಗುಜ್ರಿಗೆ ಆಕಾಕಿಲ್ಲ."

ಅವಳು ಹೊರಗೆ ಬಂದು ಮುಖ ಒರೆಸಿಕೊಳ್ಳುವ ಹೊತ್ತಿಗೆ ದೇವೀರಮ್ಮ ಅಲ್ಲಿರಲಿಲ್ಲ. ನಲ್ಲಿಗೆ ಬಾಯಿ ತೊಳೆಯಲು ಹೋಗಿರಬೇಕು ಎಂದುಕೊಂಡೆವು. ನಲ್ಲಿಯ ಹತ್ತಿರ ಇರಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಹುಡುಕಿಕೊಂಡು ಹೋದೆವು. ಮುಖಕ್ಕೆ ಸೆರಗು ಒತ್ತಿಕೊಂಡ ಒಬ್ಬ ಮುದುಕಿ ತಲಕಾಡಿನ ಬಸ್ಸು ಹತ್ತಿದಳು ಎಂದು ಹೂವಿನವಳು ಹೇಳಿದಳು. ಮುಡುಕುತೊರೆ ಆ ದಾರಿಯಲ್ಲೇ ಸಿಗುವುದು. ಮಗನ ಹತ್ತಿರ ಹೋದಳು ಎಂದು ಇಬ್ಬರಿಗೂ ಗೊತ್ತಾಯಿತು. ಸಿದ್ದಕ್ಕ ಅಲ್ಲೇ ಕಟ್ಟೆಯ ಮೇಲೆ ಕೂತು, "ಅವನ್ನ ಕರ್ಕಂಡೇ ಬತ್ತಳೆ ಈಗ" ಎಂದಳು. ನಾನೂ ಹಾಗೆಯೇ ಅಂದುಕೊಂಡೆ. ಹೊಡೆತ ತಿಂದ ಮುದುಕಿ ಇನ್ನೇನು ತಾನೆ ಮಾಡುತ್ತಾಳೆ?

ಗಾಡಿ ಶೆಡ್ಡಿನಲ್ಲೇ ಉಳಿಯಿತು. ನಾವು ಫ್ಯಾಕ್ಟರಿಗೆ ಮತ್ತೆ ಮದನ್‌ನ ಟೆಂಪೋದಲ್ಲೇ ಹೋಗಬೇಕಾಯಿತು. ಬೆರಳಿಗೆಲ್ಲ ಪಟ್ಟಿ ಕಟ್ಟಿಕೊಂಡು ಒಂದೇ ಕೈಯಲ್ಲಿ ಓಡಿಸುತ್ತಿದ್ದ, ಯಾರ ಮೇಲೂ ಬೀಳುತ್ತಿರಲಿಲ್ಲ. ಸಿದ್ದಕ್ಕ ಒಂದು ದಿನ ಅವನೆದುರು ನಿಂತು, ನೀನು ಮಾಡಿದ್ದಲ್ಲವಂತೆ, ಅತ್ತೆ ಉಪ್ಪು ಇಟ್ಟಿದ್ದಳು ಎಂದು ಹೇಳಿದಳು.

"ನಿಮ್ಮತ್ತೆ ಉಪ್ಪಿಗೆ ನನ್ ಬೆರಳಾ?" ಎಂದ ಮದನ್. ಹಲ್ಲಿಲ್ಲದ ಸಂದಿಯಿಂದ ಅವಳ ಕಾಲ ಬುಡಕ್ಕೆ ಉಗುಳಿ ಹೋದ. ಅವಳು ತಲೆ ತಗ್ಗಿಸಿ ನಿಂತದ್ದನ್ನು ನಾನು ಮೊದಲ ಸಲ ನೋಡಿದೆ.

ಮನೆಯಲ್ಲಿ ಅವಳು ಬಾಗಿಲಿಗೆ ಒನಕೆ ಅಡ್ಡ ಇಟ್ಟು, ಗಂಡನ ಹೆಜ್ಜೆ ಸಪ್ಪಳಕ್ಕೆ ಕಾಯುತ್ತಿದ್ದಳು. ಬಂದವರು ರಾಚಯ್ಯನವರು. ನಾನೂ ಅಲ್ಲೇ ಇದ್ದೆ. ಜಗಲಿಯಲ್ಲಿ ಕೂತು, ಸ್ವಲ್ಪ ನಿರಾಸೆಯ ದನಿಯಲ್ಲೇ ಹೇಳಿದರು.

"ನಂಜುಂಡ ಬಟ್ಟೆ ಗಂಟು ಕಟ್ಟಿದ್ನಂತೆ ಕಣವ್ವ, ಬರಾಕೆ ಅಂತ. ಅಷ್ಟರಲ್ಲಿ ಅವರವ್ವ ಓಗವ್ಳೆ. ಬೇಯ್ಸಿ ಆಕ್ತೀನಿ, ಇಲ್ಲೇ ಇರು, ಆ ಬಂಜೆ ತಾವ ನಿಂಗೇನ್ ಕೆಲ್ಸ ಅಂದ್ಲಂತೆ. ಈಗ ಅವನು ಬರಾಕಿಲ್ಲ ಅಂತಾನೆ. ಊಟ ಸಿಕ್ತು, ಇನ್ಯಾಕೆ ಬಂದಾನು?"

ಅವರು ಹೋದ ಮೇಲೆ ಸಿದ್ದಕ್ಕ ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಲು ಶುರು ಮಾಡಿದಳು. ಎರಡೂ ಕೈಯಲ್ಲಿ, ಎರಡೂ ಕೆನ್ನೆಗೆ, ಮೊನ್ನೆ ಹೊಡೆದಷ್ಟೇ ಬಲದಿಂದ. ನಾನು ಕೈ ಹಿಡಿದರೆ ನನ್ನನ್ನು ತಳ್ಳಿದಳು. ತುಟಿ ಒಡೆದು ರಕ್ತ ಬಂದ ಮೇಲೆ ನಿಲ್ಲಿಸಿ, ಗೋಡೆಗೆ ಒರಗಿ ಜಾರಿ ಕೂತಳು. "ನನ್ನ ಕಾಯಾಕೆ ಓಗವ್ಳೆ ಕಣಮ್ಮಿ" ಎಂದಳು. "ನಾನ್ ಒಡ್ದ ಮೇಲೂ ನನ್ನ ಕಾಯಾಕೆ ಓಗವ್ಳೆ."

ಓಮ್ನಿ ಸಿದ್ಧವಾಯಿತು. ಕಾಂತರಾಜು ಹೊಸ ತಗಡು ಕೂರಿಸಿ, ಕರಿ ಬಣ್ಣ ಬಳಿದು, ಬೇರೆ ಗಾಡಿಯ ಗಾಜು ಹಾಕಿದ್ದ. ಆ ಭಾನುವಾರವೇ ಸಿದ್ದಕ್ಕ ನನ್ನನ್ನು ಕೂರಿಸಿಕೊಂಡು ಮುಡುಕುತೊರೆಗೆ ಹೊರಟಳು. ಅತ್ತೆಯನ್ನು ಕರೆದುಕೊಂಡು ಬರುವುದು, ಕಾಲು ಹಿಡಿಯಬೇಕಾದರೆ ಹಿಡಿಯುವುದು, ಅಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

ನಂಜುಂಡಸ್ವಾಮಿ ಇದ್ದದ್ದು ಗದ್ದೆಯ ಬದುವಿನಲ್ಲಿ, ಶೀಟು ಹೊದಿಸಿದ ಒಂದು ಕೋಣೆಯಲ್ಲಿ. ದೇವೀರಮ್ಮ ಹೊರಗೆ ಒಲೆ ಊದುತ್ತಿದ್ದಳು. ತಿರುಗಿ ನೋಡಿದಳು. ಎಡಗೆನ್ನೆಯ ಸೀಳು ಗಾಯ ಒಣಗುತ್ತಿತ್ತು. ಬಲಗಣ್ಣಿನ ಕೆಳಗೆ ಹೊಸ ಏಟು, ಊದಿ ನೀಲಿಗಟ್ಟಿತ್ತು.

"ಅತ್ತೆವ್ವ, ಬಾ, ಓಗವಾ" ಎಂದಳು ಸಿದ್ದಕ್ಕ.

ಮುದುಕಿ ಬಾಯಿ ತೆರೆಯುವುದರೊಳಗೆ ಅವನು ಒಳಗಿನಿಂದ ಬಂದ. ದಪ್ಪಗಾಗಿದ್ದ. ಓಮ್ನಿಯನ್ನು ನೋಡಿ ನಕ್ಕ. "ಓ, ಡ್ರೈವರಮ್ಮ ಬಂದವ್ರೆ" ಎಂದ. ಅವಳು ಉತ್ತರ ಕೊಡದೆ ಅತ್ತೆಯ ಕೈ ಹಿಡಿದಳು. ಅವನು ತಾಯಿಯ ಇನ್ನೊಂದು ಕೈ, ಆ ಸೊಟ್ಟ ತೋಳನ್ನು ಹಿಡಿದೆಳೆದು, "ಎದ್ದು ಓಗೀಯಾ ನೀನು" ಎಂದು ನಮ್ಮೆದುರಿಗೇ ಬೆನ್ನಿಗೆ ಗುದ್ದಿದ. ಮುದುಕಿ ಒಲೆಯ ಮುಂದೆ ಮಂಡಿಯೂರಿ ಬಿದ್ದಳು. ಸಿದ್ದಕ್ಕ ಒಲೆಯ ಪಕ್ಕದಲ್ಲಿದ್ದ ಸೌದೆಕೊಡಲಿ ಎತ್ತಿದಳು.

ಅವಳು ಅವನನ್ನು ಕಡಿಯುತ್ತಿದ್ದಳು. ಆಣೆ ಮಾಡಿ ಹೇಳುತ್ತೇನೆ, ಅವಳ ಮುಖದಲ್ಲಿ ಬೇರೆ ಯೋಚನೆ ಇರಲಿಲ್ಲ, ನನಗೂ ತಡೆಯಬೇಕೆನಿಸಲಿಲ್ಲ. ಅವನು ಹಿಂದೆ ಸರಿದು ಗೋಡೆಗೆ ತಾಗಿದ. ದೇವೀರಮ್ಮ ಎದ್ದು ನಡುವೆ ಬಂದಳು. ಮಗನಿಗೆ ಬೆನ್ನು ಕೊಟ್ಟು, ಸೊಸೆಗೆ ಎದೆಕೊಟ್ಟು ನಿಂತಳು.

"ಒಡಿ" ಎಂದಳು. "ನಿಮ್ಮಿಬ್ರಲ್ಲಿ ಯಾರ್ ಒಡುದ್ರೂ ಬೀಳೋದು ನನ್ಮೇಲೇ."

ಕೊಡಲಿ ತಾನಾಗಿ ಕೆಳಗಿಳಿಯಿತು. ಸಿದ್ದಕ್ಕ ಅದನ್ನು ನೆಲದ ಮೇಲಿಟ್ಟು ಮುದುಕಿಯ ಕಾಲಿಗೆ ಬಿದ್ದಳು. "ತಪ್ಪಾಯ್ತು ಅತ್ತೆವ್ವ. ಇಲ್ಲಿರ್ಬ್ಯಾಡ. ಇವನು ಕೊಂದಾಕ್ತಾನೆ ನಿನ್ನ. ಗಾಡಿ ನಿಂತಿಲ್ಲ, ಇನ್ಮ್ಯಾಕೆ ಇವನು ಬರಂಗಿಲ್ಲ, ನೀನಿಲ್ಲಿ ಇರ್ಬೇಕಾಗಿಲ್ಲ."

ದೇವೀರಮ್ಮ ಬಗ್ಗಿ ಅವಳನ್ನು ಎತ್ತಿದಳು. ಸೆರಗಿನಿಂದ ಅವಳ ಮುಖ ಒರೆಸಿದಳು. ಅದು ಯಾವಾಗಲೂ ಒರೆಸುತ್ತಿದ್ದ ರೀತಿಯೇ, ಅದರಲ್ಲಿ ಕೋಪ ಇರಲಿಲ್ಲ. ಅದಕ್ಕೇ ನಾನು ಬರುತ್ತಾಳೆ ಎಂದುಕೊಂಡೆ.

"ಇವನು ನಾನ್ ಎತ್ತ ಮಗ" ಎಂದಳು. "ಒಡುದ್ರೆ ತಿಂತೀನಿ, ವಾಡ್ಕೆ ಆಗದೆ. ನಿನ್ ಕೈಲಿ ತಿನ್ನೋದು ನಂಗೆ ವಾಡ್ಕೆ ಇಲ್ಲ ಕಣವ್ವ."

ಸಿದ್ದಕ್ಕ ಇನ್ನೇನೋ ಹೇಳಲು ಹೋದಳು. ಮುದುಕಿ ಬೇಡವೆಂದು ತಲೆಯಾಡಿಸಿ, ಗಾಡಿಯವರೆಗೂ ಅವಳ ಕೈ ಹಿಡಿದುಕೊಂಡು ಬಂದಳು. ಬಗ್ಗಿ ಒಳಗಿನ ಹೊಸ ನೆಲ ನೋಡಿದಳು, ಅಂಗೈಯಿಂದ ಒತ್ತಿ ನೋಡಿದಳು.

"ಚೆನ್ನಾಗಿ ಮಾಡವ್ನೆ" ಎಂದಳು. "ಓಡ್ಸ್ಕಂಡು ಓಗು. ನಿಲ್ಲಿಸ್ಬ್ಯಾಡ."

ಒಲೆ ಆರಿಹೋಗುತ್ತದೆಂದು ಹಿಂದಕ್ಕೆ ನಡೆದಳು. ಬರುವಾಗ ನಾನು ಸಿದ್ದಕ್ಕನ ಮುಖ ನೋಡಲಿಲ್ಲ, ಹೊರಗೆ ಗದ್ದೆ ನೋಡುತ್ತಾ ಕೂತೆ. ನರಸೀಪುರ ದಾಟಿ ತಗಡೂರು ಮುಟ್ಟುವವರೆಗೂ ಅವಳು ಗಾಡಿಯನ್ನು ಎಲ್ಲಿಯೂ ನಿಲ್ಲಿಸಲಿಲ್ಲ.